ಬ್ರಿಟನ್ನಿನಲ್ಲಿ ಶ್ರೀರಂಗಪಟ್ಟಣ ಹುಡುಕುವವರಿಗೆ

ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಲಂಡನ್ನಿಗೆ ಬರುವ ನಮ್ಮ ಕಡೆಯ ಹಿರಿಯರು ತಪ್ಪದೆ ಕೇಳುವ ಪ್ರಶ್ನೆ: ಟಿಪ್ಪುವಿನ ಹುಲಿ ಎಲ್ಲಿದೆ? ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇರಬೇಕೆಂದು ಅಲ್ಲಿಗೆ ಹೋಗಿ ಅರ್ಧ ದಿನ ಕಳೆದುಕೊಂಡು ಬರುವವರು ಬಹಳ. ಐರೋಪ್ಯನೊಬ್ಬನ ಮೇಲೆ ಎರಗಿದ ಆ ಮರದ ಹುಲಿ ಇರುವುದು ಸೌತ್ ಕೆನ್ಸಿಂಗ್‌ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ಆದರೆ ಹುಲಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಟುಬಿಟ್ಟರೆ ಸಿಗುವುದು ಕಥೆಯ ಒಂದು ಚೂರು ಮಾತ್ರ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಸಾಮಾನು ಈ ದೇಶದ ಅರಮನೆ, ಗ್ರಂಥಾಲಯ, ಶ್ರೀಮಂತರ ಕೋಟೆಮನೆಗಳಿಗೆಲ್ಲ ಹಂಚಿಹೋಯಿತು. ಕಥೆ ಪಿಂಗಾಣಿ ಬೊಂಬೆಗಳಿಗೂ ಕಾದಂಬರಿಗಳಿಗೂ ಇಳಿಯಿತು. ಒಂದು ಸಾಮ್ರಾಜ್ಯ ಮತ್ತೊಂದರ ರಾಜಚಿಹ್ನೆಯನ್ನು ತನ್ನ ಮನೆಯ ಅಲಂಕಾರವಾಗಿ ಮಾಡಿಕೊಳ್ಳುವುದು ಹೇಗೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಮೊದಲು ಹಂಚಿಕೆಯ ಲೆಕ್ಕ ತಿಳಿದಿರಬೇಕು. ಕೋಟೆ ಒಡೆದ ರಾತ್ರಿ ಸೈನಿಕರು ಮನಬಂದಂತೆ ದೋಚಿದರು. ಮರುದಿನ ಊರಿನ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ (ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು) ಕೆಲವರನ್ನು ನೇಣಿಗೆ ಹಾಕಿಸಿ, ಛಡಿ ಏಟು ಹೊಡೆಸಿ ಅದನ್ನು ನಿಲ್ಲಿಸಿದ. ಆಮೇಲೆ ನಡೆದದ್ದು ಕಾಗದದ ಮೇಲಿನ ಲೂಟಿ. ಸೈನ್ಯಾಧಿಕಾರಿಗಳ ‘ಪ್ರೈಜ್ ಕಮಿಟಿ’ ಖಜಾನೆಯನ್ನೆಲ್ಲ ಪಟ್ಟಿ ಮಾಡಿ, ಬೆಲೆ ಕಟ್ಟಿ, ಹರಾಜು ಹಾಕಿ, ದರ್ಜೆಯ ಪ್ರಕಾರ ಪಾಲು ಹಂಚಿತು. ದಂಡನಾಯಕ ಹ್ಯಾರಿಸನ ಪಾಲು ಲಕ್ಷ ಪೌಂಡು ದಾಟಿತು. ಇಂಥ ಪದ್ಧತಿಯಲ್ಲಿ ದೊಡ್ಡ ವಸ್ತುವೊಂದು ಇಡಿಯಾಗಿ ಉಳಿದರೆ ಯಾರಿಗೂ ಲಾಭವಿಲ್ಲ; ತುಂಡಾದರೆ ಎಲ್ಲರಿಗೂ ಪಾಲು. ಟಿಪ್ಪುವಿನ ಸಿಂಹಾಸನ ಹೋದದ್ದು ಹಾಗೆ. ಎಂಟು ಮೂಲೆಯ ಪೀಠ, ಮರದ ಮೇಲೆ ಚಿನ್ನದ ತಗಡು, ಅಡಿಯಲ್ಲಿ ದೊಡ್ಡ ಹುಲಿ, ಸುತ್ತಲ ಕಟಕಟೆಯ ಮೇಲೆ ಪುಟ್ಟ ಹುಲಿತಲೆಗಳು, ಛತ್ರಿಯ ನೆತ್ತಿಯ ಮೇಲೆ ರತ್ನ ಕೂಡಿಸಿದ, ಹುಮಾ ಎಂಬ ಕಲ್ಪನೆಯ ಹಕ್ಕಿ. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಅದನ್ನು ಇಡಿಯಾಗಿ ತನ್ನ ದೊರೆಗೆ ಕಳಿಸುವ ಆಸೆಯಿತ್ತು. ಅಷ್ಟರಲ್ಲಿ ಕಮಿಟಿಯವರು ಒಡೆದು ಮುಗಿಸಿದ್ದರು.

ಈಗ ಹುಮಾ ಹಕ್ಕಿ ಮತ್ತು ದೊಡ್ಡ ಹುಲಿಯ ತಲೆ ಎರಡೂ ರಾಜಮನೆತನದ ಸಂಗ್ರಹದಲ್ಲಿ, ವಿಂಡ್ಸರ್ ಕೋಟೆಯಲ್ಲಿವೆ. ಹುಲಿಯ ಕಣ್ಣು, ಹಲ್ಲು ಸ್ಫಟಿಕದವು. ವಾಟರ್‌ಲೂ ನಿಲ್ದಾಣದಿಂದ ರೈಲು ನೇರ ವಿಂಡ್ಸರಿಗೆ ಹೋಗುತ್ತದೆ. ಪ್ಯಾಡಿಂಗ್‌ಟನ್ನಿನಿಂದ ಹೊರಟರೆ ಸ್ಲೌನಲ್ಲಿ ಬದಲಿಸಬೇಕು. ಸಾಮಾನ್ಯವಾಗಿ ಮಂಗಳವಾರ, ಬುಧವಾರ ಕೋಟೆಗೆ ಬಿಡುವುದಿಲ್ಲ. ಅರಮನೆಯ ಸಮಾರಂಭಗಳಿದ್ದಾಗ ಒಳಗಿನ ಸ್ಟೇಟ್ ಅಪಾರ್ಟ್‌ಮೆಂಟ್ಸ್ ಮಾತ್ರ ಮುಚ್ಚಿರುವುದೂ ಉಂಟು. ಹೊರಗಿನ ಕೋಟೆಯಷ್ಟನ್ನೇ ನೋಡಿ ವಾಪಸಾದರೆ ಕೊಟ್ಟ ದುಡ್ಡು ದಂಡ, ಆದ್ದರಿಂದ ಟಿಕೆಟ್ ಕೊಳ್ಳುವಾಗಲೇ ಅದು ತೆರೆದಿದೆಯೇ ಎಂದು ನೋಡಿಕೊಳ್ಳಿ.

ಇನ್ನು ಮರದ ಹುಲಿ. ಉದ್ದ 178 ಸೆಂಟಿಮೀಟರ್, ಎತ್ತರ 71. ಬಣ್ಣ ಬಳಿದ ಮರದ ಹೊರಕವಚದ ದಪ್ಪ ಅರ್ಧ ಇಂಚಿನಷ್ಟು, ಒಳಗೆಲ್ಲ ಟೊಳ್ಳು. ಕೆಳಗೆ ಬಿದ್ದವನ ಕೆಂಪು ಕೋಟು, ಬೂಟು, ಕೊರಳ ಮೇಲೆ ಊರಿದ ಹುಲಿಯ ಬಾಯಿ ಎಲ್ಲರ ಕಣ್ಣಿಗೂ ಬೀಳುತ್ತವೆ. ನೋಡಬೇಕಾದದ್ದು ಹುಲಿಯ ಭುಜದ ಬಳಿಯ ಹಿಡಿ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ತಳ್ಳುತ್ತವೆ: ಒಂದು ಕೊಳವೆಯ ಗಾಳಿ ಬಿದ್ದವನ ಬಾಯಿಯಲ್ಲಿ ನರಳಾಟವಾಗುತ್ತದೆ, ಇನ್ನೊಂದರದ್ದು ಹುಲಿಯ ತಲೆಯಲ್ಲಿ ಗುರುಗುಟ್ಟುತ್ತದೆ, ಬಿದ್ದವನ ಎಡಗೈ ಎದ್ದು ಇಳಿಯುತ್ತದೆ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ದಂತದ ಗುಂಡಿಗಳಿರುವ 18 ಸ್ವರಗಳ ಆರ್ಗನ್ ಇದೆ. ಸದ್ದು ಹೊರಬರಲು ಕೊರೆದ ತೂತುಗಳನ್ನು ಹುಲಿಪಟ್ಟೆಯ ಆಕಾರಕ್ಕೇ ಹೊಂದಿಸಿದ್ದಾರೆ; ಪಟ್ಟೆ ಯಾವುದು, ತೂತು ಯಾವುದು ಎಂದು ಗುರುತಿಸಲು ತಲೆಯ ಭಾಗವನ್ನು ಹತ್ತಿರದಿಂದ, ಓರೆಯಾಗಿ ನೋಡಬೇಕು. ಆ ಬಡಗಿಯ ಹೆಸರು ಎಲ್ಲೂ ಬರೆದಿಲ್ಲವೆಂಬುದು ನಮ್ಮನ್ನು ಈಗಲೂ ಕಾಡುತ್ತದೆ.

1808ರಿಂದ ಈ ಹುಲಿ ಈಸ್ಟ್ ಇಂಡಿಯಾ ಕಂಪನಿಯ ಲೆಡನ್‌ಹಾಲ್ ಬೀದಿಯ ಕಚೇರಿಯಲ್ಲಿತ್ತು. ಬಂದವರೆಲ್ಲ ಹಿಡಿ ತಿರುಗಿಸಿ ಕಿರುಚಾಟ ಕೇಳುತ್ತಿದ್ದರು. ಪಕ್ಕದಲ್ಲಿ ಓದುತ್ತ ಕೂತವರಿಗೆ ತಲೆನೋವು. ದರ್ಬಾರಿನ ಎಚ್ಚರಿಕೆಯ ಘರ್ಜನೆ ಹತ್ತೇ ವರ್ಷದೊಳಗೆ ಜಾತ್ರೆಯ ಗಿರಗಟ್ಟೆಯಂತಾಯಿತು. ಎರಡನೇ ಮಹಾಯುದ್ಧದಲ್ಲಿ ಬಾಂಬಿನಿಂದ ಮ್ಯೂಸಿಯಮ್ಮಿನ ಛಾವಣಿ ಕುಸಿದು ಹುಲಿ ಚೂರಾಯಿತು. ಈಗ ಕಾಣುವುದು ಯುದ್ಧದ ನಂತರ ಜೋಡಿಸಿ, ಒಳಗಿನಿಂದ ಬಲಪಡಿಸಿದ್ದು. ಪ್ರವೇಶಕ್ಕೆ ದುಡ್ಡಿಲ್ಲ, ಶುಕ್ರವಾರ ರಾತ್ರಿ 10ರವರೆಗೂ ತೆರೆದಿರುತ್ತದೆ. ಗ್ಯಾಲರಿಗಳ ನವೀಕರಣ ನಡೆಯುವಾಗ ವಸ್ತುಗಳು ಜಾಗ ಬದಲಿಸುತ್ತವೆ. ಆದ್ದರಿಂದ ಹೊರಡುವ ಮುನ್ನ ಮ್ಯೂಸಿಯಂ ಜಾಲತಾಣದಲ್ಲಿ 2545(IS) ಎಂಬ ಈ ಹುಲಿಯ ಸಂಖ್ಯೆ ಹಾಕಿ, ಈಗ ಪ್ರದರ್ಶನದಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಟಿಪ್ಪು ಕೂಡ ಸಾಮ್ರಾಜ್ಯ ಕಟ್ಟಲು ಹೊರಟವನೇ. ಅದರ ಬಿಸಿ ಎಂಥದೆಂದು ಕೊಡಗು, ಮಲಬಾರುಗಳಿಗೆ ಗೊತ್ತು. ಹಳೆಯ ರಾಜವಂಶದ ಬೆನ್ನಿಲ್ಲದವನು ತನ್ನ ಅಧಿಕಾರಕ್ಕೆ ಗುರುತನ್ನು ತಾನೇ ರೂಪಿಸಿಕೊಳ್ಳಬೇಕಿತ್ತು. ಅದಕ್ಕೇ ತೋಪಿನ ಬಾಯಿ, ಕತ್ತಿಯ ಹಿಡಿ, ಸಿಪಾಯಿಯ ಅಂಗಿ ಎಲ್ಲದರಲ್ಲೂ ಹುಲಿ, ಇಲ್ಲವೇ ನಡು ದಪ್ಪಗಿದ್ದು ಎರಡೂ ತುದಿ ಚೂಪಾಗಿ ಬಾಗಿದ ‘ಬಬ್ರಿ’ ಪಟ್ಟೆ.

ಕಂಪನಿಗೆ ಈ ಚಿಹ್ನೆಯ ಬಲ ಚೆನ್ನಾಗಿ ಅರ್ಥವಾಗಿತ್ತು. ಗೆದ್ದ ಸೈನ್ಯಕ್ಕೆಂದು ಬರ್ಮಿಂಗ್‌ಹ್ಯಾಮ್ ಬಳಿಯ ಸೊಹೊ ಟಂಕಸಾಲೆಯಲ್ಲಿ ಪದಕ ಮಾಡಿಸಿದರು. ಅಚ್ಚು ಕೆತ್ತಿದವನು ಕ್ಯೂಖ್ಲರ್. ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ, ಇನ್ನೊಂದು ಮುಖದಲ್ಲಿ ಕೋಟೆಗೆ ಲಗ್ಗೆ. ಸಿಂಹದ ಮೇಲಿನ ಬಾವುಟದಲ್ಲಿ ಅರಬ್ಬಿಯಲ್ಲಿ ‘ಅಸದುಲ್ಲಾಹಿಲ್ ಗಾಲಿಬ್’ (ದೇವರ ಸಿಂಹವೇ ಗೆಲ್ಲುವುದು) ಎಂದಿದೆ. ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸುತ್ತಿದ್ದ ಘೋಷವಾಕ್ಯವೇ ಅದು! ಸೋತವನ ಮಾತನ್ನೇ ಕಿತ್ತು ಗೆದ್ದವನ ಬಾವುಟಕ್ಕೆ ಹೊಲಿದರು. ಪದಕದಲ್ಲೂ ದರ್ಜೆಯುಂಟು: ಮೇಲಿನವರಿಗೆ ಚಿನ್ನ, ಆಮೇಲೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು, ಸಾಮಾನ್ಯ ಸಿಪಾಯಿಗೆ ತವರ.

ಅಲ್ಲಿಂದ ಹುಲಿ ಇಂಗ್ಲಿಷರ ಬೆಂಕಿಗೂಡಿನ ಮೇಲಿನ ಹಲಗೆಗೆ ಹತ್ತಿತು. 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಜನರಲ್ ಹೆಕ್ಟರ್ ಮನ್ರೋನ ಮಗನನ್ನು ಹುಲಿ ಹೊತ್ತುಕೊಂಡು ಹೋಗಿತ್ತು. 1820ರ ದಶಕದ ಹೊತ್ತಿಗೆ ಸ್ಟಾಫರ್ಡ್‌ಶೈರಿನ ಕುಂಬಾರರು ಆ ಸಾವಿನ ಬಣ್ಣದ ಬೊಂಬೆ ಮಾಡಿ ಮಾರತೊಡಗಿದರು. ಬಿದ್ದವನ ಭಂಗಿ ಟಿಪ್ಪುವಿನ ಹುಲಿಯ ಅಡಿಯಲ್ಲಿರುವವನನ್ನೇ ನೆನಪಿಸುತ್ತದೆ.

ಕಾದಂಬರಿಕಾರರೂ ಸುಮ್ಮನಿರಲಿಲ್ಲ. ಭಾರತಕ್ಕೆ ಕಾಲಿಡದ ವಾಲ್ಟರ್ ಸ್ಕಾಟ್ 1827ರಲ್ಲೇ ಹೈದರ್, ಟಿಪ್ಪು ಇಬ್ಬರನ್ನೂ ಪಾತ್ರ ಮಾಡಿದ. ಫ್ರಾನ್ಸಿನ ಜೂಲ್ಸ್ ವರ್ನ್ ತನ್ನ ಜಲಾಂತರ್ಗಾಮಿಯ ಕ್ಯಾಪ್ಟನ್ ನೆಮೋ ಟಿಪ್ಪುವಿನ ಸೋದರಳಿಯ ಎಂದು 1875ರಲ್ಲಿ ಬರೆದ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 1868ರ ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’. ಅದು ಶುರುವಾಗುವುದೇ ಶ್ರೀರಂಗಪಟ್ಟಣದ ಲಗ್ಗೆಯಿಂದ: ಒಬ್ಬ ಇಂಗ್ಲಿಷ್ ಅಧಿಕಾರಿ ಕಾವಲಿನವರನ್ನು ಕೊಂದು ವಜ್ರ ಕದಿಯುತ್ತಾನೆ. 1857ರ ದಂಗೆಯ ಸಿಟ್ಟು ಇಲ್ಲಿ ಇನ್ನೂ ಆರದಿದ್ದ ಕಾಲದಲ್ಲಿ, ಮೂಲ ಕಳ್ಳತನ ನಮ್ಮವನದೇ ಎಂದು ಓದುಗರಿಗೆ ಹೇಳಲು ಧೈರ್ಯ ಬೇಕಿತ್ತು. ಕೊನೆಯಲ್ಲಿ ವಜ್ರ ಊರಿಗೆ, ದೇವರ ಹಣೆಗೆ ಮರಳುತ್ತದೆ. ಮ್ಯೂಸಿಯಂಗೆ ಹೋಗುವ ಮುಂಚೆ ಅದರ ಪೀಠಿಕೆಯ ಕೆಲವೇ ಪುಟ ಓದಿಕೊಂಡರೆ ಗಾಜಿನ ಪೆಟ್ಟಿಗೆಯ ಪಕ್ಕದ ಚೀಟಿಗಳಲ್ಲಿ ಏನು ಬರೆದಿದೆ, ಏನು ಬಿಟ್ಟಿದೆ ಎಂಬುದು ಬೇಗ ಹೊಳೆಯುತ್ತದೆ.

ಎರಡು ದಿನ ಬಿಡುವಿದ್ದರೆ ವೇಲ್ಸಿನ ಪೋವಿಸ್ ಕೋಟೆಗೆ ಹೋಗಲೇಬೇಕು. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಆಗ ಮದ್ರಾಸಿನ ಗವರ್ನರ್. ಅವನ ಹೆಂಡತಿ, ಈ ಕೋಟೆಯ ಮನೆತನದ ಹೆನ್ರಿಯೆಟಾ, 1800ರಲ್ಲಿ ಹೆಣ್ಣುಮಕ್ಕಳೊಂದಿಗೆ ಮೈಸೂರು ಸೀಮೆ ಸುತ್ತಿದಳು. ಸಿಂಹಾಸನದ ಒಂದು ಪುಟ್ಟ ಹುಲಿತಲೆ ಇಲ್ಲಿದೆ. ಟಿಪ್ಪುವಿನ ಡೇರೆಯೂ ಇಲ್ಲಿಯದೇ. ಬಿಳಿ ಹತ್ತಿ ಬಟ್ಟೆಯ ಮೇಲೆ ಹೂಕುಂಡಗಳ ಚಿತ್ರ; ದಂಡಿನ ನಡುವೆ ನಿಂತಿದ್ದ ಆ ಡೇರೆ ಮುಂದೆ ಈ ಮನೆಯ ತೋಟದ ಔತಣಗಳಿಗೆ ಚಪ್ಪರವಾಯಿತು. ಹತ್ತಿರದ ನಿಲ್ದಾಣ ವೆಲ್ಷ್‌ಪೂಲ್. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿನಲ್ಲಿ ರೈಲು ಬದಲಿಸಿ, ಇಳಿದ ಮೇಲೆ ಮೈಲಿಯಷ್ಟು ನಡೆಯಬೇಕು, ಕೊನೆಗೆ ಏರು. ಮಂಡಿನೋವಿನವರಿಗೆ ಟ್ಯಾಕ್ಸಿ ಮಾಡಿ.

ಕೊನೆಗೆ ಕತ್ತಿಗಳ ವಿಷಯ. ‘ಟಿಪ್ಪುವಿನ ಕತ್ತಿ’ ಒಂದೇ ಅಲ್ಲ, ಹಲವಿವೆ. 2023ರ ಮೇನಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು 1.4 ಕೋಟಿ ಪೌಂಡು ದಾಟಿತು. ಇಂಥ ಬೆಲೆ ಇರುವಾಗ ಸುಳ್ಳು ಕತ್ತಿ, ಕೋವಿಗಳೂ ಬರುತ್ತವೆ, ಕೆಲವನ್ನು ನಮ್ಮವರೂ ಅಭಿಮಾನದಿಂದ ಕೊಳ್ಳುತ್ತಾರೆ. ಹುಲಿಪಟ್ಟೆ ಕಂಡಿತೆಂದು ನಂಬಬೇಡಿ, ಅದನ್ನು ಯಾರೂ ಕೆತ್ತಬಹುದು. ಟಿಪ್ಪುವಿನ ಕಾರ್ಖಾನೆಯ ಕೋವಿಯಾದರೆ ಸಾಮಾನ್ಯವಾಗಿ ಮಾಡಿದ ಊರಿನ ಹೆಸರಿರುತ್ತದೆ: ಶ್ರೀರಂಗಪಟ್ಟಣಕ್ಕೆ ‘ಪಟನ್’, ಬಿದನೂರಿಗೆ ‘ನಗರ್’. ಇಸವಿ ಅವನದೇ ಮೌಲೂದಿ ಶಕೆಯದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಜೊತೆಗೆ 1799ರಲ್ಲಿ ಅದು ಯಾರ ಪಾಲಿಗೆ ಹೋಯಿತು, ಅವರಿಂದ ಯಾರಿಗೆ ಬಂತು ಎಂಬ ಕಾಗದಪತ್ರದ ಸರಪಳಿಯನ್ನು ಕೇಳಿ. ಅದರಲ್ಲಿ ನೂರು ವರ್ಷದ ಖಾಲಿ ಇದ್ದರೆ ಕೊಳ್ಳುವ ಮಾತು ಬಿಟ್ಟುಬಿಡಿ.