ಮೊದಲು ಫೋಟೋ ತಿರುವಿ ನೋಡ್ರಿ

ಗದಗ-ಬೆಟಗೇರಿಯ ಹಳೆಯ ಫೋಟೋ ಹುಡುಕಿದರೆ ಮೊದಲು ಸಿಗುವುದು ಗುಡಿಗಳೇ. ಡಾ. ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್ ತೆಗೆದು, 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಸಂಪುಟದಲ್ಲಿ ಗದಗ, ಲಕ್ಕುಂಡಿಯ ಗುಡಿಗಳಿವೆ. 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಚಿತ್ರಗಳು ಸ್ವಿಟ್ಜರ್ಲೆಂಡಿನ ದಫ್ತರದಲ್ಲಿ ಭದ್ರವಾಗಿವೆ. ಮಗ್ಗದ ಓಣಿ, ಹತ್ತಿ ಜಿನ್, ಏಳನೆಯ ಇಯತ್ತೆಯ ಗ್ರೂಪ್ ಫೋಟೋ, ನಾಟಕದ ಮಂದಿ ಬೇಕೆಂದರೆ ಮಾತ್ರ ಮನೆಗಳ ಟ್ರಂಕು ತೆರೆಯಬೇಕು. ಅಲ್ಲಿಯ ಫೋಟೋಗಳನ್ನು ಸ್ಕ್ಯಾನ್ ಮಾಡಲು ನಾವು ಒಯ್ಯುವ ಮಾತು ಬೇಡ. ಮನೆಯವರೇ ತರಬೇಕು, ಅದೇ ಸಂಜೆ ಅವರೇ ತಿರುಗಿ ಒಯ್ಯಬೇಕು. ಬೆಟಗೇರಿಯಲ್ಲಿ ಒಂದು ಭಾನುವಾರ ನಡೆದ ಸ್ಕ್ಯಾನಿಂಗ್ ಈ ಕರಾರಿನ ಮೇಲೆಯೇ.

ಬೆಳಗಿನ ಮೊದಲ ಕೆಲಸ ಫ್ಯಾನ್ ಬಂದ್ ಮಾಡುವುದು. ಗದಗಿನ ಗಾಳಿ ಎಲ್ಲರಿಗೂ ಗೊತ್ತಿದ್ದದ್ದೇ. ಕಿಟಕಿ ತೆರೆದಿಟ್ಟರೆ ಎರೆಮಣ್ಣಿನ ಧೂಳು ಸ್ಕ್ಯಾನರ್ ಗಾಜಿಗೆ ಕೂತು, ಪ್ರತಿ ಫೋಟೋದಲ್ಲೂ ಅದೇ ಜಾಗಕ್ಕೆ ಚುಕ್ಕೆ ಬೀಳುತ್ತದೆ. ಮೇಜು ಮೂರು: ತೆಗೆದುಕೊಳ್ಳಲು, ಸ್ಕ್ಯಾನ್ ಮಾಡಲು, ಕೇಳಿ ಬರೆಯಲು. ಬಹಳ ಕಡೆ ಸ್ಕ್ಯಾನರ್ ಸುತ್ತ ನಾಲ್ಕು ಮಂದಿ ನಿಂತಿರುತ್ತಾರೆ, ಬರೆಯುವ ಕಡೆ ಒಬ್ಬ ಹುಡುಗ. ಇದು ಉಲ್ಟಾ ಆಗಬೇಕು. ಸ್ಕ್ಯಾನ್ ಒಂದೆರಡು ನಿಮಿಷದ ಕೆಲಸ, ಗ್ರೂಪ್ ಫೋಟೋದ ಹೆಸರು ಬರೆಯಲು ಅರ್ಧ ತಾಸೂ ಸಾಲದು.

ಫೋಟೋ ಕೈಗೆ ಬಂದ ಕೂಡಲೇ ತಿರುವಿ ನೋಡಬೇಕು. ಸ್ಟುಡಿಯೋದ ಸಿಕ್ಕಾ, ಮಾಸಿದ ಪೆನ್ಸಿಲ್ ಅಕ್ಷರ, ಯಾರಿಗೋ ಕಳಿಸಿದ ವಿಳಾಸ ಎಲ್ಲ ಅಲ್ಲೇ ಇರುತ್ತದೆ. ಸಿಕ್ಕಾದ ವಿಳಾಸದಲ್ಲಿ 582101 ಅಥವಾ 582102 ಇದ್ದರೆ ಆ ಸಿಕ್ಕಾ 1972ರ ಆಗಸ್ಟಿಗಿಂತ ಹಿಂದಿನದಲ್ಲ, ಪಿನ್‌ಕೋಡ್ ಶುರುವಾದದ್ದೇ ಆಗ. ನಮ್ಮ ನಂಬರನ್ನು ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಬೇಕು. ಬಾಲ್‌ಪೆನ್ ಒತ್ತಿದರೆ ಗೆರೆ ಮುಂದೆ ಮೂಡುತ್ತದೆ. ಈಚಿನ ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಪೆನ್ಸಿಲ್ ಹತ್ತುವುದಿಲ್ಲ, ಅಂಥದ್ದಕ್ಕೆ ನಂಬರು ಲಕೋಟೆಯ ಮೇಲೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು, ಖಾಲಿ ಕಂಡರೂ.

ಗೋಡೆಯಿಂದ ಇಳಿಸಿ ತಂದ ಚೌಕಟ್ಟುಗಳದ್ದು ಬೇರೆಯೇ ಪಾಡು. ಗಾಜಿನ ಮೇಲೆ ಗಂಧ, ಕುಂಕುಮ, ವಿಭೂತಿ. ಒಳಗೆ ತುಕ್ಕು ಹಿಡಿದ ಮೊಳೆ. ಹೊರಗಿನ ಗಾಜನ್ನಷ್ಟೇ ಒರೆಸಬೇಕು, ನೀರು ಬಟ್ಟೆಗೆ ಹಾಕಬೇಕೇ ಹೊರತು ಗಾಜಿಗಲ್ಲ. ಓರೆ ಬೆಳಕಿನಲ್ಲಿ ನೋಡಿದಾಗ ಫೋಟೋ ಒದ್ದೆಯಾದಂತೆ ಕಪ್ಪಗೆ ಹೊಳೆಯುವ ಜಾಗವಿದ್ದರೆ ಅದು ಗಾಜಿಗೆ ಅಂಟಿದೆ ಎಂದೇ ತಿಳಿಯಬೇಕು. ಬಿಚ್ಚಿದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಮೇಲಿಂದಲೇ ಕ್ಯಾಮೆರಾದಲ್ಲಿ ತೆಗೆಯುವುದು ಲೇಸು. ಬಿಚ್ಚಬಹುದಾದ ಚೌಕಟ್ಟಿನಲ್ಲಿ ರಟ್ಟಿನ ಹಿಂದೆ ಹಳೆಯ ಪತ್ರಿಕೆಯ ಹಾಳೆ ಸಿಗುವುದುಂಟು. ಅದರ ತಾರೀಖು ಚೌಕಟ್ಟು ಹಾಕಿದ ಕಾಲದ್ದು, ಫೋಟೋ ತೆಗೆದ ಕಾಲದ್ದಲ್ಲ.

ಸ್ಕ್ಯಾನರಿನಲ್ಲಿ ತಾನಾಗಿ ಬಣ್ಣ ತಿದ್ದುವ, ಅಂಚು ಕತ್ತರಿಸುವ, ಧೂಳು ತೆಗೆಯುವ ಎಲ್ಲ ಸೌಲಭ್ಯ ಬಂದ್. ಕಪ್ಪು-ಬಿಳುಪಿನ ಫೋಟೋವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು, ಕಂದು ಛಾಯೆಯೂ ಕಲೆಯೂ ಕಾಗದದ ವಯಸ್ಸು ಹೇಳುತ್ತವೆ. 4×6 ಇಂಚಿನ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು: 2400×3600 ಪಿಕ್ಸೆಲ್, ಟಿಫ್ ಫೈಲು ಸುಮಾರು 26 ಎಂಬಿ. ಪಾಸ್‌ಪೋರ್ಟ್ ಅಳತೆಯದಕ್ಕೆ 1200. ಫೋಟೋ ಅಂಟಿಸಿದ ರಟ್ಟಿನ ಅಂಚು ಪೂರ್ತಿ ಬರಬೇಕು, ಸ್ಟುಡಿಯೋದ ಉಬ್ಬು ಅಕ್ಷರ ಇರುವುದೇ ಆ ಕೆಳಮೂಲೆಯಲ್ಲಿ. ಸ್ಕ್ಯಾನರಿನ ಚಪ್ಪಟೆ ಬೆಳಕಿಗೆ ಉಬ್ಬು ಕಾಣುವುದಿಲ್ಲ. ಪಕ್ಕದಿಂದ ಟಾರ್ಚ್ ಹಿಡಿದು ಮೊಬೈಲಿನಲ್ಲಿ ಒಂದು ತೆಗೆದರೆ ಓದಲು ಬರುತ್ತದೆ.

ಸ್ಕ್ಯಾನರಿಗೆ ಹಿಡಿಸದ ದೊಡ್ಡವನ್ನು ಕ್ಯಾಮೆರಾದಲ್ಲಿ ತೆಗೆಯುವಾಗ ಲೆನ್ಸ್ ಮತ್ತು ಫೋಟೋ ಸಮಾನಾಂತರ ಇರಬೇಕು. ಫೋಟೋ ಇಡುವ ಜಾಗದ ನಡುವೆ ಚಿಕ್ಕ ಕನ್ನಡಿ ಇಟ್ಟು, ಲೆನ್ಸಿನ ಬಿಂಬ ಪರದೆಯ ನಟ್ಟನಡುವೆ ಬರುವವರೆಗೆ ಟ್ರೈಪಾಡ್ ಸರಿಪಡಿಸಿದರೆ ಮುಗಿಯಿತು. ಎರಡು ದೀಪ, ಎರಡೂ ಬದಿಯಿಂದ 45 ಡಿಗ್ರಿ ಓರೆ, ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್ಒ, 100. ಗಾಜಿದ್ದರೆ ಅದರಲ್ಲಿ ಬಿಂಬ ಬೀಳದಂತೆ ಕ್ಯಾಮೆರಾದ ಸುತ್ತ ಕರಿ ಬಟ್ಟೆ.

ಇನ್ನು ಬರೆಯುವ ಮೇಜು. ಮೂಲವನ್ನು ಕೈಯಿಂದ ಕೈಗೆ ತಿರುಗಿಸಬಾರದು. ಎ4 ಹಾಳೆಯ ಮೇಲೆ ಪ್ರಿಂಟ್ ತೆಗೆದು, ಪ್ರತಿ ಮುಖದ ಮೇಲೆ ಅಂಕಿ ಹಾಕಿ, "ಅಜ್ಜಾರ, ಮೂರನೇದವ್ರು ಯಾರ್ರೀ?" ಅಂತ ಒಬ್ಬೊಬ್ಬರನ್ನೇ ಕೇಳಬೇಕು. ನಾಲ್ಕು ಮಂದಿ ಒಟ್ಟಿಗೆ ಕೂತರೆ, ಗಟ್ಟಿ ದನಿಯವರು ಹೇಳಿದ ಹೆಸರಿಗೇ ಉಳಿದವರು "ಹೌದ್ರಿ, ಅವನ" ಅನ್ನುತ್ತಾರೆ. ಪ್ರತಿ ಹೆಸರಿನ ಮುಂದೆ ಬರೆದದ್ದೋ, ಹೇಳಿದ್ದೋ, ಊಹೆಯೋ ಅಂತ ಗುರುತು ಬೇಕು. ಹೇಳಿದ್ದಾದರೆ ಯಾರು ಹೇಳಿದ್ದು ಅನ್ನುವುದೂ ಬೇಕು. ಇಸವಿ ಕೇಳಬಾರದು, ಯಾರಿಗೂ ನೆನಪಿರುವುದಿಲ್ಲ. ಹಿರಿಮಗನ ಮದುವೆಗಿಂತ ಮುಂಚೆಯೋ ಆಮೇಲೋ ಎಂದು ಕೇಳಿದರೆ ಉತ್ತರ ಬರುತ್ತದೆ.

ಆ ಉತ್ತರವನ್ನು ಫೋಟೋದೊಳಗಿನ ಸಾಕ್ಷಿಯ ಎದುರು ಇಟ್ಟು ನೋಡಬೇಕು. ರೈಲು ಡಬ್ಬಿಯ ಮೇಲೆ ಎಂಎಸ್ಎಂ (ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ) ಅಂತಿದ್ದರೆ ಆ ರೈಲ್ವೆ 1908ರಿಂದ 1951ರವರೆಗೆ ಇದ್ದದ್ದು. ಹುಬ್ಬಳ್ಳಿ ವಿಭಾಗ ಮುಂದೆ ದಕ್ಷಿಣ ರೈಲ್ವೆಗೆ, 1966ರಿಂದ ದಕ್ಷಿಣ ಮಧ್ಯಕ್ಕೆ, 2003ರಿಂದ ನೈರುತ್ಯಕ್ಕೆ ಸೇರಿತು. ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಇದ್ದರೆ 1956ರ ನಂತರ, 'ಗದಗ ಜಿಲ್ಲೆ' ಇದ್ದರೆ 1997ರ ನಂತರ. ಗಾಡಿಯ ಮೇಲೆ ಕೆಎ 26 ಕಂಡರೆ 1989ಕ್ಕಿಂತ ಹಿಂದೆ ಹೋಗುವಂತಿಲ್ಲ. ಇವೆಲ್ಲ 'ಇದಕ್ಕಿಂತ ಹಿಂದಲ್ಲ' ಎಂದಷ್ಟೇ ಹೇಳುತ್ತವೆ. ಹೆಸರು ಬದಲಾದರೂ ಹಳೆಯ ಬೋರ್ಡು ವರ್ಷಗಟ್ಟಲೆ ತೂಗುತ್ತಿರುತ್ತದೆ. ಅಂಗಿಯ ಒಂದೇ ಜೇಬು ಎಲ್ಲರಿಗೂ ಅವರವರ ಬಲ ಎದೆಯ ಮೇಲಿದ್ದರೆ ನೆಗೆಟಿವ್ ತಿರುವಿ ಪ್ರಿಂಟ್ ಆಗಿದೆ. 'ಎಡದಿಂದ ಬಲಕ್ಕೆ' ಬರೆಯುವ ಮುಂಚೆ ಇದನ್ನು ನೋಡಿಕೊಳ್ಳಬೇಕು.

ಒಪ್ಪಿಗೆಯ ಕಾಗದ ಒಂದೇ ಪುಟ ಇರಲಿ: ಇಟ್ಟುಕೊಳ್ಳಬಹುದೇ, ಊರಿಗೆ ತೋರಿಸಬಹುದೇ, ಹೆಸರು ಹಾಕಬಹುದೇ. ಮೂರಕ್ಕೂ ಬೇರೆ ಬೇರೆ ಉತ್ತರ. ನಮ್ಮ ಕಡೆ ತೀರಿಹೋದ ಹಿರಿಯರನ್ನು ಕೂಡ್ರಿಸಿ, ಸುತ್ತ ಮನೆಮಂದಿ ನಿಂತು ತೆಗೆಸಿದ ಫೋಟೋ ಬಹಳ. ಬೀಗರೆಲ್ಲ ಒಂದೇ ಚಿತ್ರದಲ್ಲಿ ಇರುವುದರಿಂದ ಸಂಬಂಧ ಗುರುತಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಆದರೆ ಮನೆಯವರು ಬಾಯಿಬಿಟ್ಟು ಹೂಂ ಅನ್ನದೆ ಅದನ್ನು ತೋರಿಸಬಾರದು.

ತಿರುಗಿ ಕೊಡುವಾಗ ಒಂದು ಮಾತು ಹೇಳಿಯೇ ಕಳಿಸಬೇಕು: "ಅಮ್ಮಾರ, ಲ್ಯಾಮಿನೇಶನ್ ಮಾಡಸಬ್ಯಾಡ್ರಿ." ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ. ಅಂಟುಹಾಳೆಯ ಆಲ್ಬಮ್ಮೂ ಸೆಲೋಟೇಪೂ ಅದೇ ಜಾತಿ. ಹುಳಿವಾಸನೆ ಬರುವ ನೆಗೆಟಿವ್ ಇದ್ದರೆ ಬೇರೆ ಲಕೋಟೆಗೆ ಹಾಕಿ ದೂರ ಇಡಬೇಕು, ಅದರ ಆಮ್ಲ ಪಕ್ಕದವನ್ನೂ ಕೆಡಿಸುತ್ತದೆ. ಟ್ರಂಕು ಅಟ್ಟದ ಮೇಲೆ ಬೇಡ, ಏಪ್ರಿಲಿನಲ್ಲಿ ತಗಡಿನ ಕೆಳಗೆ ಅದು ಒಲೆ.

ಫೈಲುಗಳು ಅದೇ ರಾತ್ರಿ ಎರಡು ಹಾರ್ಡ್‌ಡಿಸ್ಕಿಗೆ ಹೋಗಬೇಕು, ಮೂರನೆಯ ಪ್ರತಿ ಬೇರೆ ಊರಿಗೆ, ಹುಬ್ಬಳ್ಳಿಯ ಯಾರಾದರೂ ನಂಬಿಗಸ್ತರ ಮನೆಗಾದರೂ ಸರಿ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಪ್ರತಿ ಅಂತ ಲೆಕ್ಕಕ್ಕೆ ಹಿಡಿಯಬಾರದು, ಅಲ್ಲಿ ಫೋಟೋ ಕುಗ್ಗಿರುತ್ತದೆ. ಹೆಸರಿನ ಪಟ್ಟಿಯನ್ನು ಕಾಗದದ ಮೇಲೂ ಒಂದು ಪ್ರಿಂಟ್ ತೆಗೆದಿಡಬೇಕು.