ಸಹಾರಾ ಓಟ ಮುಗಿಯಿತು

ಮೊರಾಕ್ಕೊದ ಮ್ಯಾರಥಾನ್ ದೆ ಸಾಬ್ಲ್ ಮುಗಿಸಿ ಹೋಟೆಲಿಗೆ ಬಂದಿದ್ದೇನೆ. ಸಹಾರಾದಲ್ಲಿ ಹಲವು ದಿನ, ಹಂತ ಹಂತವಾಗಿ ಸುಮಾರು 250 ಕಿಲೋಮೀಟರ್ ಓಟ! ಕಾಲಿನ ಬೊಬ್ಬೆಗಳು ಇನ್ನೂ ಉರಿಯುತ್ತಿವೆ, ಆದರೆ ಖುಷಿ ಹೇಳತೀರದು.

ಕುಡಿಯೋಕೆ ನೀರು, ಮಲಗೋಕೆ ಡೇರೆ ಆಯೋಜಕರು ಕೊಡುತ್ತಾರೆ. ಊಟ, ಸ್ಲೀಪಿಂಗ್ ಬ್ಯಾಗ್, ದಿಕ್ಸೂಚಿ ಎಲ್ಲಾ ನಮ್ಮ ಬೆನ್ನ ಮೇಲೆ. ದಿನಕ್ಕೆ ಕನಿಷ್ಠ 2000 ಕ್ಯಾಲೊರಿ ಆಹಾರ ಇರಲೇಬೇಕು. ಭಾರ ಇಳಿಸೋಕೆ ಟೂತ್‌ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿ ತಂದವರಿದ್ದಾರೆ. ನನ್ನ ಬ್ಯಾಗಲ್ಲಿ ಗೊಜ್ಜವಲಕ್ಕಿ, ಚಟ್ನಿಪುಡಿ. ನೀರು ಹಾಕಿಟ್ಟರೆ ಊಟ ರೆಡಿ. ನೀವು ಹೋಗುವುದಾದರೆ ಖಂಡಿತ ಒಯ್ಯಿರಿ.

ಮನಸ್ಸಿನಲ್ಲಿ ಉಳಿದದ್ದು ಉದ್ದದ ಹಂತದ ರಾತ್ರಿ. ಒಂದೇ ಹಂತ, 80 ಕಿಲೋಮೀಟರಿಗೂ ಜಾಸ್ತಿ. ಮುಂದೆ ಹೆಡ್‌ಲ್ಯಾಂಪ್‌ಗಳ ಸಾಲು, ಕಾಲಡಿ ಜಾರುವ ಮರಳು. ಸುಸ್ತಾಗಿ ಕೂತೆ. ಪರಿಚಯವೇ ಇಲ್ಲದ ಒಬ್ಬರು ನಿಂತು, ತಮ್ಮ ಉಪ್ಪಿನ ಮಾತ್ರೆ ಕೊಟ್ಟು, ನಾನು ಏಳುವವರೆಗೂ ಕಾದರು. ಗ್ರಾಂ ಗ್ರಾಂ ತೂಗಿ ಹೊತ್ತು ತಂದದ್ದನ್ನು ಸುಮ್ನೆ ಕೊಟ್ಟುಬಿಡೋಕೆ ಎಷ್ಟು ದೊಡ್ಡ ಮನಸ್ಸು ಬೇಕು, ಅಲ್ವಾ? ಅವರ ಹೆಸರೂ ನನಗೆ ಗೊತ್ತಿಲ್ಲ.

1984ರಲ್ಲಿ ಈ ಓಟದ ಸ್ಥಾಪಕ ಪ್ಯಾಟ್ರಿಕ್ ಬಾವರ್ ಒಬ್ಬರೇ ಸಹಾರಾದಲ್ಲಿ 350 ಕಿಲೋಮೀಟರ್ ನಡೆದಿದ್ದರು. ಅದರಿಂದಲೇ 1986ರಲ್ಲಿ ಈ ಓಟ ಶುರುವಾಯಿತು. ಮೊದಲ ಸಲ ಬಂದವರು 23 ಜನ. ಒಂಟಿಯಾಗಿ ನಡೆದವರಿಗೆ ಜೊತೆಯ ಬೆಲೆ ಜಾಸ್ತಿ ಗೊತ್ತಿರಬೇಕು ಅನ್ನಿಸಿತು.

ಓಡುವ ಆಸೆ ಇರುವವರು ಕೇಳಿ. ತಯಾರಿ ಬಗ್ಗೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.