ಅರವತ್ತನಾಲ್ಕು ಎಲೆ, ಎಂಟು ಸೌಟು

ನಮ್ಮ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಒಂದು ಚಿಕ್ಕ ಕ್ಲಸ್ಟರ್, ಎಂದರೆ ಒಟ್ಟಾಗಿ ಲೆಕ್ಕ ಮಾಡುವ ಕಂಪ್ಯೂಟರ್‌ಗಳ ಗುಂಪು, ಕೊಳ್ಳಲು ಹಣ ಮಂಜೂರಾದದ್ದು 2019ರ ನವೆಂಬರ್‌ನಲ್ಲಿ. ಮಾರ್ಚ್ 31ರೊಳಗೆ ಖರ್ಚು ಮಾಡದಿದ್ದರೆ ಹಣ ವಾಪಸಾಗುತ್ತದೆ ಎಂಬ ಷರತ್ತು ಮಂಜೂರಾತಿ ಪತ್ರದ ಕೊನೆಯ ಸಾಲಿನಲ್ಲಿತ್ತು. ಯಂತ್ರದ ವಿವರಣಾ ಪಟ್ಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಡಿಸೆಂಬರ್ ಹೊತ್ತಿಗೆ ಮೇಜಿನ ಮೇಲೆ ನಾಲ್ಕು ಕೊಟೇಶನ್‌ಗಳಿದ್ದವು. ಅವುಗಳನ್ನು ಕೈಗೆತ್ತಿಕೊಂಡವರೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಒಟ್ಟು ಎಷ್ಟು ಕೋರ್? ಕೋರ್ ಎಂದರೆ ಪ್ರೊಸೆಸರ್‌ನೊಳಗೆ ತನ್ನಷ್ಟಕ್ಕೆ ಲೆಕ್ಕ ಮಾಡಬಲ್ಲ ಒಂದು ಘಟಕ.

ಆ ಲೆಕ್ಕದಲ್ಲಿ ಎದ್ದು ಕಾಣುತ್ತಿದ್ದದ್ದು ಎಎಂಡಿಯ ಎಪಿಕ್ 7702. ಅದೇ ಆಗಸ್ಟ್‌ನಲ್ಲಿ ಬಿಡುಗಡೆಯಾಗಿದ್ದ ಆ ಪ್ರೊಸೆಸರ್‌ನಲ್ಲಿ 64 ಕೋರ್‌ಗಳು. ಕ್ಲಸ್ಟರ್‌ನ ಒಂದೊಂದು ಕಂಪ್ಯೂಟರಿಗೆ, ಎಂದರೆ ನೋಡ್‌ಗೆ, ಎರಡು ಪ್ರೊಸೆಸರ್‌ಗಳಂತೆ ಎರಡೇ ನೋಡ್‌ಗಳಲ್ಲಿ 256 ಕೋರ್ ಆಗುತ್ತಿತ್ತು. ಇನ್ನೊಂದರಲ್ಲಿ ಇಂಟೆಲ್‌ನ ಝಿಯಾನ್ ಗೋಲ್ಡ್ 6248, 20 ಕೋರ್‌ನದು, ನಾಲ್ಕು ನೋಡ್‌ಗಳಿಗೆ ಎಂಟು. ಉಳಿದೆರಡರಲ್ಲಿ 16 ಕೋರ್‌ನ ಎಪಿಕ್‌ಗಳು: ಒಂದರಲ್ಲಿ 7302, ಮತ್ತೊಂದರಲ್ಲಿ ಅದಕ್ಕಿಂತ ಅಗ್ಗವಾದ 7282. ನಮ್ಮ ವಿಭಾಗದ ಮುಖ್ಯಸ್ಥರು 1986ರಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ನಾಲ್ಕು 8086 ಪ್ರೊಸೆಸರ್‌ಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಕಂಪ್ಯೂಟರ್ ಕಟ್ಟಿದ ಕಥೆಯನ್ನು ಪ್ರತಿ ಸಭೆಯಲ್ಲೂ ತಪ್ಪದೆ ಹೇಳುವವರು. ಅಂಥವರಿಗೂ 256 ಎಂಬ ಸಂಖ್ಯೆಯ ಮೇಲೆ ಕಣ್ಣು ನೆಟ್ಟಿತ್ತು.

ನನಗೆ ಅನುಮಾನವಿದ್ದದ್ದು ಬೇರೆ ಕಾರಣಕ್ಕೆ. ನಾವು ದಿನವೂ ಓಡಿಸುವುದು ಓಪನ್‌ಫೋಮ್ ಎಂಬ ಸಾಫ್ಟ್‌ವೇರ್‌ನಲ್ಲಿ ದ್ರವಗಳ ಹರಿವಿನ ಲೆಕ್ಕ. ಪಂಪಿನ ಒಳಗಿನ ಜಾಗವನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಸೀಳಿ, ಪ್ರತಿ ಕೋಶದ ಒತ್ತಡ, ವೇಗಗಳನ್ನು ಅದರ ನೆರೆಹೊರೆಯ ಕೋಶಗಳ ಬೆಲೆಗಳಿಂದ ಮತ್ತೆ ಮತ್ತೆ ತಿದ್ದುತ್ತ ಹೋಗುವ ಕೆಲಸ ಅದು. ಒಂದೊಂದು ಕೋಶಕ್ಕೂ ಮೆಮೊರಿಯಿಂದ ಹತ್ತಾರು ಸಂಖ್ಯೆಗಳನ್ನು ಎಳೆದು ತಂದು, ನಾಲ್ಕಾರು ಕೂಡುವ ಗುಣಿಸುವ ಕೆಲಸ ಮಾಡಿ, ಉತ್ತರವನ್ನು ಹಿಂದಕ್ಕೆ ಇಟ್ಟು ಬರಬೇಕು. ಲೆಕ್ಕಕ್ಕಿಂತ ಸಾಗಾಟವೇ ಹೆಚ್ಚು.

ಕೊಟೇಶನ್ ಕೊಟ್ಟಿದ್ದ ಡೀಲರ್ ಒಬ್ಬರು ತಮ್ಮ ಪ್ರದರ್ಶನದ ಯಂತ್ರಕ್ಕೆ ಒಂದು ರಾತ್ರಿಯ ಮಟ್ಟಿಗೆ ಲಾಗಿನ್ ಕೊಟ್ಟರು. ಅದರಲ್ಲಿದ್ದವು ಎರಡು 6248ಗಳು, ಎಂದರೆ 40 ಕೋರ್. ತಯಾರಕರ ಪರೀಕ್ಷಾ ಪ್ರೋಗ್ರಾಮ್‌ಗಳನ್ನು ಬದಿಗಿಟ್ಟು, ನಮ್ಮದೇ ಪಂಪಿನ ಮಾದರಿಯನ್ನು ಅಪ್‌ಲೋಡ್ ಮಾಡಿ, ನನ್ನ ಎಂ.ಟೆಕ್. ವಿದ್ಯಾರ್ಥಿಯೊಬ್ಬನನ್ನು ಜೊತೆಗೆ ಕೂರಿಸಿಕೊಂಡು ಕೋರ್‌ಗಳನ್ನು ಹೆಚ್ಚಿಸುತ್ತ ಹೋದೆ. 8 ಕೋರ್‌ಗೆ 15 ನಿಮಿಷ, 16ಕ್ಕೆ 9, 32ಕ್ಕೆ 7. ನಲವತ್ತಕ್ಕೆ ಏರಿಸಿ ಇಬ್ಬರೂ ಪರದೆಯನ್ನೇ ನೋಡುತ್ತ ಕುಳಿತೆವು. "ಮೇಡಂ, ಇನ್ನೂ ಎಂಟು ಕೋರ್ ಕೊಟ್ಟರೂ ಅದೇ ಏಳು ನಿಮಿಷ ತಗೊಳ್ತಿದೆಯಲ್ಲ, ಎಲ್ಲೋ ತಪ್ಪು ಮಾಡಿದೀವಿ ಅನ್ಸುತ್ತೆ" ಎಂದ ಅವನು. ತಪ್ಪೇನೂ ಇರಲಿಲ್ಲ. ಮತ್ತೊಮ್ಮೆ ಓಡಿಸಿದಾಗಲೂ ಏಳೇ ನಿಮಿಷ ಬಂತು. ಕೋರ್‌ಗಳೆಲ್ಲ ನೂರಕ್ಕೆ ನೂರು ದುಡಿಯುತ್ತಿವೆ ಎಂದು ಪರದೆ ತೋರಿಸುತ್ತಿತ್ತು. ಮೆಮೊರಿಗಾಗಿ ಕಾಯುವುದನ್ನೂ ಅದು ದುಡಿಮೆಯ ಲೆಕ್ಕಕ್ಕೇ ಹಾಕುತ್ತದೆ ಎಂಬುದನ್ನು ಅವನಿಗೆ ವಿವರಿಸುವಷ್ಟರಲ್ಲಿ ರಾತ್ರಿ ಒಂದಾಗಿತ್ತು.

ಮರುದಿನದ ಖರೀದಿ ಸಮಿತಿಯ ಸಭೆಗೆ ನಾನು ಒಯ್ದದ್ದು ಸರಳವಾದ ಭಾಗಾಕಾರವನ್ನು. 6248ಕ್ಕೆ ಆರು ಮೆಮೊರಿ ಚಾನೆಲ್‌ಗಳು, ಎಂದರೆ ಮೆಮೊರಿಯಿಂದ ಸಂಖ್ಯೆಗಳು ಬಂದು ಹೋಗುವ ದಾರಿಗಳು. ಡಿಡಿಆರ್4-2933 ಎಂಬ ವೇಗದ ಮೆಮೊರಿಯ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 140 ಜಿಬಿ, 20 ಕೋರ್‌ಗೆ ಹಂಚಿದರೆ ತಲಾ 7. ಹೊಸ ಎಪಿಕ್‌ಗಳಿಗೆ ಎಂಟು ಚಾನೆಲ್‌ಗಳು, ಡಿಡಿಆರ್4-3200, ಒಟ್ಟು 204.8 ಜಿಬಿ. ಆದರೆ 7702ರಲ್ಲಿ ಅದನ್ನು 64 ಕೋರ್‌ಗಳು ಹಂಚಿಕೊಳ್ಳಬೇಕಾದ್ದರಿಂದ ತಲಾ 3.2 ಮಾತ್ರ, 7302ರಲ್ಲಿ ತಲಾ 12.8. ಇವೆಲ್ಲ ಕಾಗದದ ಮೇಲಿನ ಗರಿಷ್ಠ ಅಂಕಿಗಳು, ಓಡಿಸುವಾಗ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಅನುಪಾತವಂತೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಸಂಖ್ಯೆಗಳಿಗೆ ಯಾರೂ ಮಿಸುಕದಿದ್ದಾಗ ನಾನು ಮದುವೆ ಊಟದ ಪಂಕ್ತಿಯನ್ನು ನೆನಪಿಸಿದೆ. ಅರವತ್ತನಾಲ್ಕು ಎಲೆ ಹಾಕಿ ಬಡಿಸಲು ಎಂಟೇ ಜನರನ್ನು ಬಿಟ್ಟರೆ, ಕೂತವರು ಎಷ್ಟೇ ಚುರುಕಾಗಿ ಉಂಡರೂ ಸಾರಿನ ಸೌಟು ತಮ್ಮ ಎಲೆಗೆ ಬರುವವರೆಗೆ ಬರೀ ಅನ್ನ ನೋಡುತ್ತ ಕೂರಬೇಕು. ಲೆಕ್ಕಪತ್ರ ವಿಭಾಗದವರು ಮೊದಲ ಬಾರಿಗೆ ತಲೆಯಾಡಿಸಿದರು.

ಆಕ್ಷೇಪ ಎತ್ತಿದವರು ರಸಾಯನಶಾಸ್ತ್ರದ ಪ್ರಾಧ್ಯಾಪಕರು, ಮತ್ತು ಅವರ ಮಾತಿನಲ್ಲಿ ಹುರುಳಿತ್ತು. ಅವರು ಮಾಡುವ ಅಣುಗಳ ಚಲನೆಯ ಲೆಕ್ಕಕ್ಕೆ ಬೇಕಾದ ದತ್ತಾಂಶದ ಬಹುಪಾಲು ಪ್ರೊಸೆಸರ್‌ನ ಒಳಗೇ ಇರುವ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲೇ ಹಿಡಿಸುತ್ತದೆ. ಅದಕ್ಕೆ ಹೆಚ್ಚು ಕೋರ್‌ಗಳು ನಿಜಕ್ಕೂ ಉಪಯೋಗ, ಝಿಯಾನ್‌ನಲ್ಲಿದ್ದ, ಆಗಿನ ಎಪಿಕ್‌ಗಳಲ್ಲಿ ಇರದಿದ್ದ, ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಎವಿಎಕ್ಸ್-512 ಸೌಲಭ್ಯವೂ ಉಪಯೋಗ. ಕ್ಲಸ್ಟರ್ ಇಡೀ ಕಾಲೇಜಿಗೆ ಸೇರಿದ್ದಾಗಿದ್ದರೆ ನಾನೂ 32 ಕೋರ್‌ನ ಎಪಿಕ್ 7452ರ ಕಡೆಗೆ ವಾಲುತ್ತಿದ್ದೆ. ಹಣ ಬಂದದ್ದು ಹರಿವಿನ ಯೋಜನೆಗಾದ್ದರಿಂದ ಆ ಚರ್ಚೆ ಅಲ್ಲಿಗೇ ನಿಂತಿತು. ವಿದ್ಯುತ್ತು, ಎಸಿಗಳ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇರಲಿಲ್ಲ. 155 ವ್ಯಾಟ್‌ನ ಎಂಟು ಪ್ರೊಸೆಸರ್‌ಗಳನ್ನು ನಮ್ಮ ಹಳೆಯ ಪ್ರಯೋಗಾಲಯ ತಾಳಿಕೊಳ್ಳುತ್ತಿತ್ತು. ಉಳಿದ ಹಣ ನೋಡ್‌ಗಳನ್ನು ಬೆಸೆಯುವ ಇನ್ಫಿನಿಬ್ಯಾಂಡ್ ಕಾರ್ಡ್‌ಗಳಿಗೆ ಹೋಯಿತು.

ನಿಜವಾದ ತಲೆನೋವು 7282. ಅದಕ್ಕೂ 16 ಕೋರ್, ಅದೇ ಪೀಳಿಗೆ, ಬೆಲೆ ಕಡಿಮೆ. ಕಡಿಮೆ ದರದವರಿಗೇ ಆರ್ಡರ್ ಎಂಬ ನಿಯಮದಂತೆ ಅದೇ ಗೆಲ್ಲಬೇಕಿತ್ತು. ಆದರೆ ಅದರ ಎಲ್‌3 ಕ್ಯಾಶ್ 7302ರ 128 ಎಂಬಿಯ ಅರ್ಧದಷ್ಟು, ಮೆಮೊರಿಯ ಸಾಗಾಟವೂ ನಾಲ್ಕು ಚಾನೆಲ್‌ಗಳ ಮಟ್ಟಕ್ಕೆ ಹೊಂದಿಸಿದ್ದು, ಸೆಕೆಂಡಿಗೆ ಸುಮಾರು 85 ಜಿಬಿ. ಎಂಟು ಸ್ಲಾಟ್‌ಗಳನ್ನು ತುಂಬಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಈ ವ್ಯತ್ಯಾಸ ಕೊಟೇಶನ್‌ನ ಯಾವ ಸಾಲಿನಲ್ಲೂ ಕಾಣುವಂತಿರಲಿಲ್ಲ. ತಾಂತ್ರಿಕ ಷರತ್ತುಗಳಲ್ಲಿ "ಪ್ರತಿ ಪ್ರೊಸೆಸರ್‌ನ ಮೆಮೊರಿ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 200 ಜಿಬಿಗೆ ಕಡಿಮೆ ಇರಕೂಡದು" ಎಂದು ಸೇರಿಸಿ, ಎಲ್ಲರಿಂದಲೂ ಹೊಸದಾಗಿ ದರ ಕರೆದು, 7302ಕ್ಕೆ ಆರ್ಡರ್ ಕೊಟ್ಟೆವು. ಆ ಒಂದು ವಾಕ್ಯ ಬರೆದದ್ದಕ್ಕೆ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಯಂತ್ರಗಳು ಬಂದದ್ದು ಫೆಬ್ರವರಿಯಲ್ಲಿ. ಮೊದಲ ನೋಡ್‌ನಲ್ಲಿ ಪಂಪಿನ ಮಾದರಿ ಓಡಿಸಿದರೆ 9 ನಿಮಿಷ! ಪ್ರದರ್ಶನದ ಯಂತ್ರಕ್ಕಿಂತಲೂ ನಿಧಾನ. ಯಂತ್ರವನ್ನು ಆರಿಸಿ ಮುಚ್ಚಳ ಸರಿಸಿದಾಗ ಕಾರಣ ಕಣ್ಣಿಗೇ ರಾಚಿತು. ಪ್ರತಿ ಪ್ರೊಸೆಸರ್‌ನ ಎರಡೂ ಪಕ್ಕಗಳಲ್ಲಿರುವ ಎಂಟು ಸ್ಲಾಟ್‌ಗಳಲ್ಲಿ ನಾಲ್ಕರಲ್ಲಿ ಮಾತ್ರ ರ‍್ಯಾಮ್ ಇತ್ತು. ಉಳಿದ ನಾಲ್ಕರ ಬಿಳಿ ಕೊಂಡಿಗಳು ಬಾಯಿ ತೆರೆದುಕೊಂಡು ನಿಂತಿದ್ದವು. 16 ಜಿಬಿಯ ಹದಿನಾರರ ಬದಲು 32 ಜಿಬಿಯ ಎಂಟು ಹಾಕಿ ಕಳಿಸಿದ್ದರು. ಡೀಲರ್‌ಗೆ ಫೋನ್ ಮಾಡಿದೆ. "ಮೇಡಂ, ನಿಮ್ಮ ಆರ್ಡರ್‌ನಲ್ಲಿ ಒಂದು ನೋಡ್‌ಗೆ 256 ಜಿಬಿ ಅಂತ ಇದೆ. ಎಣಿಸಿ ನೋಡಿ, 256 ಸರಿಯಾಗಿದೆ" ಎಂದರು. ಎಣಿಸಿದೆ, ಸರಿಯಾಗಿತ್ತು. ಪ್ರೊಸೆಸರ್‌ಗೆ ಎಷ್ಟು ಸಾಮರ್ಥ್ಯವಿರಬೇಕು ಎಂದು ಬರೆದಿದ್ದ ನಾನು, ರ‍್ಯಾಮ್ ಎಷ್ಟು ತುಂಡುಗಳಲ್ಲಿ ಬರಬೇಕು ಎಂದು ಬರೆದಿರಲಿಲ್ಲ. ಎಂಟು ಜನ ಬಡಿಸುವವರನ್ನು ಗೊತ್ತುಮಾಡಿ ನಾಲ್ಕೇ ಸೌಟು ಕೊಟ್ಟ ಹಾಗಾಗಿತ್ತು.

ಆ ಸಂಜೆ ವಿದ್ಯಾರ್ಥಿಯೂ ನಾನೂ ಕೂತು ಎರಡನೆಯ ನೋಡ್‌ನ ಎಂಟು ರ‍್ಯಾಮ್‌ಗಳನ್ನು ಬಿಚ್ಚಿ ಮೊದಲನೆಯದಕ್ಕೆ ಹಾಕಿದೆವು. ಗುಂಡಿ ಒತ್ತಿದ ಮೇಲೆ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಉಳಿದಾಗ ಇಬ್ಬರ ಎದೆಯೂ ಧಸಕ್ಕೆಂದಿತು. ಹೊಸ ರ‍್ಯಾಮ್ ಜೋಡಣೆಯನ್ನು ಯಂತ್ರ ಪರೀಕ್ಷಿಸಿಕೊಳ್ಳಲು ಅಷ್ಟು ಹೊತ್ತು ಬೇಕಾಗುತ್ತದೆ ಎಂಬುದು ಆಮೇಲೆ ಕೈಪಿಡಿಯಲ್ಲಿ ಸಿಕ್ಕಿತು. ಮಾದರಿ ಓಡಿತು. 5 ನಿಮಿಷ.

ಮಾರ್ಚ್ ಹತ್ತಿರವಾಗಿತ್ತು, ಹಣ ಮುಗಿದಿತ್ತು. ಎಲ್ಲ 32 ರ‍್ಯಾಮ್‌ಗಳನ್ನು ಎರಡು ನೋಡ್‌ಗಳಿಗೆ ತುಂಬಿ, ಉಳಿದೆರಡರ ಮುಚ್ಚಳ ಹಾಕಿ, ಮೇಲೊಂದು ಬಟ್ಟೆ ಹೊದಿಸಿದೆವು. ಅರ್ಧ ತುಂಬಿದ ನಾಲ್ಕು ನೋಡ್‌ಗಳು ಮಾಡುತ್ತಿದ್ದ ಕೆಲಸವನ್ನು ಪೂರ್ತಿ ತುಂಬಿದ ಎರಡೇ ಮಾಡುತ್ತಿದ್ದವು, ಕರೆಂಟು ಮಾತ್ರ ಕಡಿಮೆ. ಮುಖ್ಯಸ್ಥರು ಒಮ್ಮೆ ಬಂದು ಆ ಬಟ್ಟೆ ಎತ್ತಿ ನೋಡಿ, ಫ್ಲೋಸಾಲ್ವರ್‌ನ ಮಾತೆತ್ತದೆ ಹೊರಟುಹೋದರು. ಮುಂದಿನ ವರ್ಷದ ಬೇಡಿಕೆ ಪತ್ರದಲ್ಲಿ ನಾನು ಬರೆದ ಮೊದಲ ಸಾಲು: ರ‍್ಯಾಮ್, 16 ಜಿಬಿ, 32 ತುಂಡುಗಳು, ಪ್ರತಿ ಚಾನೆಲ್‌ಗೆ ಒಂದು.